ಮನೆಯ ಬೆಕ್ಕು, ಮನೆಮಂದಿಯ ಆರೋಗ್ಯ

(ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘದ ರಜತ ಮಹೋತ್ಸವದ ಅಂಗವಾಗಿ ನಡೆದ ಜಾನುವಾರು ಆರೋಗ್ಯ ಶಿಬಿರದಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ಈ ವೇದಿಕೆಯಲ್ಲಿ ಬೆಳಿಗ್ಗೆಯಿಂದ ಕಾಲುಬಾಯಿ ಜ್ವರ, ಕೆಚ್ಚಲು ಬಾವು, ಕಂದು ಹಾಕುವ ರೋಗ ಇವೆಲ್ಲದರ ಬಗ್ಗೆ ಬಲ್ಲವರು ಮಾತಾಡಿದ್ದಾರೆ. ನಮ್ಮ ಪಾಲಿಗೆ ಬಂದದ್ದು ಬೆಕ್ಕು. ಕಾರ್ಯಕ್ರಮದ ಪಟ್ಟಿಯಲ್ಲಿ ಇದನ್ನು ನೋಡಿ ಕೆಲವರು ನಕ್ಕರು. ನಗುವುದು ಸಹಜವೇ. ಬೆಕ್ಕಿಗೆ ಸಾಲ ಇಲ್ಲ, ಸಬ್ಸಿಡಿ ಇಲ್ಲ, ವಿಮೆ ಇಲ್ಲ, ಬಟವಾಡೆ ಪುಸ್ತಕದಲ್ಲಿ ಅದರ ಹೆಸರೂ ಇಲ್ಲ. ಆದರೆ ಈ ಊರಿನಲ್ಲಿ ಹಸು ಇಲ್ಲದ ಮನೆ ಹತ್ತಾರು ಸಿಕ್ಕಾವು, ಬೆಕ್ಕು ನುಗ್ಗದ ಮನೆ ಒಂದೂ ಸಿಗಲಾರದು. ಸಾಕಿದವರ ಮನೆಗೂ ಬರುತ್ತದೆ, ಸಾಕದವರ ಮನೆಗೂ ಬರುತ್ತದೆ. ಒಲೆ ಪಕ್ಕ ಮಲಗುತ್ತದೆ, ಮಗುವಿನ ಕೌದಿಯೊಳಗೂ ಮಲಗುತ್ತದೆ.

ಈ ವಿಷಯ ಯಾಕೆ ಇಟ್ಟುಕೊಂಡೆವು ಅಂದರೆ, ಹೋದ ವರ್ಷ ನಮ್ಮ ಊರಲ್ಲಿ ಒಂದು ಗಾಳಿಮಾತು ಹಬ್ಬಿತು. ಕೊತ್ತಿ ಇರುವ ಮನೆಯಲ್ಲಿ ಬಸುರಿ ಹೆಂಗಸರಿಗೆ ಹೊಟ್ಟೆ ನಿಲ್ಲುವುದಿಲ್ಲ ಅಂತ ಯಾರೋ ಮೊಬೈಲಿನಲ್ಲಿ ನೋಡಿದರು, ಯಾರೋ ಹೇಳಿದರು. ಹದಿನೈದು ದಿನದೊಳಗೆ ಏಳೆಂಟು ಕೊತ್ತಿಗಳನ್ನು ಗೋಣಿಚೀಲದಲ್ಲಿ ಕಟ್ಟಿ ಹೊಳೆಯಾಚೆ ಬಿಟ್ಟು ಬಂದರು. ಅದೇ ಹೊತ್ತಿನಲ್ಲಿ ಇನ್ನೊಂದು ಮನೆಯಲ್ಲಿ ಕೊತ್ತಿ ಪರಚಿ ರಕ್ತ ಬಂದ ಹುಡುಗನಿಗೆ ಸುಣ್ಣ ಹಚ್ಚಿ ಶಾಲೆಗೆ ಕಳಿಸಿದರು. ಹೆದರಬೇಕಾದ ಕಡೆ ಹೆದರಲಿಲ್ಲ, ಹೆದರಬೇಕಿಲ್ಲದ ಕಡೆ ಹೆದರಿದೆವು. ನಾವು ಡಾಕ್ಟರಲ್ಲ, ಓದಿದ್ದು ಎಸ್‌ಎಸ್‌ಎಲ್‌ಸಿ. ಆದರೆ ಇದರ ಬಗ್ಗೆ ನಮ್ಮ ಪಶುವೈದ್ಯರನ್ನೂ, ಆರೋಗ್ಯ ಕೇಂದ್ರದ ಲೇಡಿ ಡಾಕ್ಟರನ್ನೂ ಕೂರಿಸಿಕೊಂಡು ಕೇಳಿ, ತಿಳಿದದ್ದನ್ನು ಬರೆದುಕೊಂಡು ಬಂದಿದ್ದೇವೆ. ತಪ್ಪಿದ್ದರೆ ಡಾಕ್ಟರು ಇಲ್ಲೇ ಕೂತಿದ್ದಾರೆ, ತಿದ್ದುತ್ತಾರೆ.

ಮೊದಲು ದೊಡ್ಡದನ್ನು ಹೇಳಿಬಿಡೋಣ. ಅದು ರೇಬಿಸ್. ನಾವು ಹುಚ್ಚುನಾಯಿ ರೋಗ ಅನ್ನುತ್ತೇವೆ. ಆ ಹೆಸರಿನಿಂದಲೇ ಅರ್ಧ ತೊಂದರೆ. ಹೆಸರಲ್ಲಿ ನಾಯಿ ಇರುವುದರಿಂದ ನಾಯಿಗೆ ಮಾತ್ರ ಬರುತ್ತದೆ ಅಂದುಕೊಂಡಿದ್ದೇವೆ. ಹಸುವಿಗೂ ಬರುತ್ತದೆ, ಕುರಿಗೂ ಬರುತ್ತದೆ, ಮುಂಗುಸಿಗೂ ಬರುತ್ತದೆ, ಬೆಕ್ಕಿಗೂ ಬರುತ್ತದೆ. ನಮ್ಮ ದೇಶದಲ್ಲಿ ಈ ರೋಗದಿಂದ ಸಾಯುವವರಲ್ಲಿ ಬಹುಪಾಲು ಜನಕ್ಕೆ ನಾಯಿ ಕಚ್ಚಿರುತ್ತದೆ ಎನ್ನುವುದು ನಿಜ. ಆದರೆ ರೋಗ ಹಿಡಿದ ನಾಯಿ ರಾತ್ರಿ ಬೀದಿಯಲ್ಲಿ ಕೊತ್ತಿಯನ್ನು ಕಚ್ಚಿದರೆ ಅದನ್ನು ಯಾರು ನೋಡಿರುತ್ತಾರೆ? ಕೊತ್ತಿ ತಪ್ಪಿಸಿಕೊಂಡು ಬಂದು ಅಟ್ಟ ಹತ್ತುತ್ತದೆ. ಕೆಲವು ವಾರ ಕಳೆದ ಮೇಲೆ ಮನೆಮಂದಿಯ ಮೇಲೇ ಎಗರುತ್ತದೆ. ರೇಬಿಸ್ ಹಿಡಿದ ಬೆಕ್ಕು ಕತ್ತಲ ಮೂಲೆ ಸೇರುವುದು, ಕರೆದರೆ ಬರುವ ಬದಲು ಕಾರಣವಿಲ್ಲದೆ ಮೈಮೇಲೆ ಬೀಳುವುದು, ಜೊಲ್ಲು ಸುರಿಸುವುದು, ಕೂಗುವ ದನಿ ಬದಲಾಗುವುದು, ಕೊನೆಗೆ ಕಾಲು ಸೋತು ಬೀಳುವುದು, ಹೀಗೆಲ್ಲ ಆಗುತ್ತದೆ ಎಂದು ನಮ್ಮ ಪಶುವೈದ್ಯರು ಹೇಳಿದರು. ರೋಗದ ಲಕ್ಷಣ ಮನುಷ್ಯನಲ್ಲಿ ಕಾಣಿಸಿಕೊಂಡ ಮೇಲೆ ಉಳಿದವರು ಇಲ್ಲವೆಂದೇ ಹೇಳಬೇಕು. ಲಕ್ಷಣ ಕಾಣುವುದಕ್ಕೆ ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು ಹಿಡಿಯುತ್ತದೆ, ಕೆಲವರಲ್ಲಿ ವಾರಕ್ಕೇ ಬರಬಹುದು, ಕೆಲವರಲ್ಲಿ ವರ್ಷ ದಾಟಬಹುದು. ಈ ನಡುವಿನ ಕಾಲವೇ ನಮಗೆ ಸಿಗುವ ಅವಕಾಶ. ಅಷ್ಟರೊಳಗೆ ಲಸಿಕೆ ಬಿದ್ದರೆ ಮನುಷ್ಯ ಉಳಿಯುತ್ತಾನೆ.

ಲಸಿಕೆ ಕಂಡುಹಿಡಿದವರು ಫ್ರಾನ್ಸ್ ದೇಶದ ಲೂಯಿ ಪಾಶ್ಚರ್. 1885ನೇ ಇಸವಿ ಜುಲೈ 6ರಂದು ಹುಚ್ಚುನಾಯಿ ಕಚ್ಚಿದ್ದ ಒಂಬತ್ತು ವರ್ಷದ ಜೋಸೆಫ್ ಮೈಸ್ಟರ್ ಎಂಬ ಹುಡುಗನಿಗೆ ಮೊದಲ ಬಾರಿಗೆ ಕೊಡಿಸಿದರು, ಹುಡುಗ ಬದುಕಿದ. ನಮ್ಮ ಹಾಲಿನ ಪ್ಯಾಕೆಟ್ ಮೇಲೆ ಪಾಶ್ಚರೀಕರಿಸಿದ ಹಾಲು ಅಂತ ಬರೆದಿರುತ್ತದಲ್ಲ, ಅದೂ ಇದೇ ಮಹಾನುಭಾವರ ಹೆಸರೇ. ಡೈರಿಯವರಾದ ನಮಗೆ ಅವರ ಋಣ ಎರಡು ಕಡೆಯಿಂದ ಇದೆ. ಅವರು ತೀರಿಕೊಂಡ ಸೆಪ್ಟೆಂಬರ್ 28ನೇ ತಾರೀಖನ್ನೇ ವಿಶ್ವ ರೇಬಿಸ್ ದಿನ ಎಂದು ಆಚರಿಸುತ್ತಾರೆ.

ನಮ್ಮ ಹಿರಿಯರಿಗೆ ಇನ್ನೂ ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ನೆನಪಿನಲ್ಲಿದೆ. ಆ ಹೆದರಿಕೆಯಿಂದಲೇ ಎಷ್ಟೋ ಜನ ಆಸ್ಪತ್ರೆಗೆ ಹೋಗದೆ ನಾಟಿ ಔಷಧಿಗೆ ಹೋದರು. ಅದು ಕುರಿಯ ಮಿದುಳಿನಿಂದ ಮಾಡುತ್ತಿದ್ದ ಹಳೆಯ ಲಸಿಕೆ. ನಮ್ಮ ದೇಶದಲ್ಲಿ 2005ರ ಹೊತ್ತಿಗೆ ಅದು ಪೂರಾ ನಿಂತುಹೋಯಿತು. ಈಗ ಕೊಡುವುದು ತೋಳಿಗೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಹೆಚ್ಚಾಗಿ ಚರ್ಮದೊಳಗೆ ತುಸುವೇ ತುಸು ಕೊಡುತ್ತಾರೆ, ಹೋದ ದಿನ ಒಂದು, ಆಮೇಲೆ 3ನೇ ದಿನ, 7ನೇ ದಿನ, 28ನೇ ದಿನ. ಮಾಂಸಖಂಡಕ್ಕೆ ಕೊಡುವುದಾದರೆ 14ನೇ ದಿನವೂ ಸೇರಿ ಐದು ಸಲ. ಗಾಯದಲ್ಲಿ ರಕ್ತ ಬಂದಿದ್ದರೆ ಲಸಿಕೆಯ ಜೊತೆಗೆ ಗಾಯದ ಸುತ್ತಲೂ ಒಳಕ್ಕೂ ಇಮ್ಯುನೋಗ್ಲಾಬ್ಯುಲಿನ್ ಎಂಬ ಇನ್ನೊಂದು ಔಷಧಿ ಕೊಡಬೇಕಾಗುತ್ತದೆ. ಇದನ್ನು ನಾವೇ ಬಾಯಿಬಿಟ್ಟು ಕೇಳಬೇಕು, ರಕ್ತ ಬಂದಿತ್ತು ಎಂದು ಹೇಳಬೇಕು. ಕಚ್ಚಿಲ್ಲ, ಬರೀ ಪರಚಿದೆ ಅಂತ ಎಷ್ಟೋ ಜನ ಗಾಯವನ್ನು ಸಣ್ಣದು ಮಾಡಿ ಹೇಳುತ್ತಾರೆ. ಬೆಕ್ಕು ತನ್ನ ಪಂಜವನ್ನು ತಾನೇ ನೆಕ್ಕಿಕೊಳ್ಳುವ ಪ್ರಾಣಿ. ಜೊಲ್ಲು ಉಗುರಿನಲ್ಲೇ ಇರುತ್ತದೆ. ಗಾಯವಿಲ್ಲದ ಗಟ್ಟಿ ಚರ್ಮವನ್ನು ನೆಕ್ಕಿದರೆ ತೊಳೆದುಕೊಂಡರೆ ಸಾಕು, ಲಸಿಕೆ ಬೇಡ.

ಈಗ ಆ ಸುಣ್ಣ ಹಚ್ಚಿದ ಹುಡುಗನ ವಿಷಯ. ಎಂಟು ವರ್ಷದ ಮಗು. ಮನೆಯದೇ ಕೊತ್ತಿ, ಮೂರು ವರ್ಷದಿಂದ ಇದ್ದದ್ದು. ಹುಡುಗ ಹುಲ್ಲಿನ ಮೆದೆ ಹತ್ತಿರ ಅದನ್ನು ಎತ್ತಿಕೊಳ್ಳಲು ಹೋದಾಗ ಕೈಯನ್ನು ಪರಚಿ ಕಚ್ಚಿಬಿಟ್ಟಿತು. ಅಜ್ಜಿ ಸುಣ್ಣ ಮೆತ್ತಿದರು. ಸಂಜೆ ಹಾಲು ಹಾಕಲು ಬಂದಾಗ ಅವನ ಅಪ್ಪ ಅದನ್ನೊಂದು ತಮಾಷೆಯಂತೆ ಹೇಳಿದರು. ನಮಗೆ ತಮಾಷೆ ಅನಿಸಲಿಲ್ಲ. ಅಲ್ಲೇ ಸೋಪು ನೀರು ತರಿಸಿ, ಹುಡುಗನನ್ನು ಕರೆಸಿ, ಸುಣ್ಣವೆಲ್ಲ ಹೋಗುವ ಹಾಗೆ ತೊಳೆಸಿದೆವು. ತೊಳೆಯುವುದೆಂದರೆ ಒದ್ದೆ ಬಟ್ಟೆಯಲ್ಲಿ ಒರೆಸುವುದಲ್ಲ. ಸೋಪು ಹಚ್ಚಿ, ಹರಿಯುವ ನೀರಿನಲ್ಲಿ, ಗಡಿಯಾರ ನೋಡಿಕೊಂಡು 15 ನಿಮಿಷ. ಎರಡು ಹಸುವಿನ ಹಾಲು ಕರೆಯುವಷ್ಟು ಹೊತ್ತು. ಮಗು ಅಳುತ್ತದೆ, ಅಳಲಿ. ಸುಣ್ಣ, ಅರಿಶಿನ, ಕಾಫಿಪುಡಿ, ಮೆಣಸಿನಪುಡಿ ಯಾವುದೂ ಕೂಡದು. ಬಿಗಿಯಾಗಿ ಪಟ್ಟಿ ಕಟ್ಟುವುದೂ ಕೂಡದು.

"ಕಬ್ಬು ಕಡಿಯುವ ಆಳು ಬಂದವ್ರೆ ಅಣ್ಣ, ನಾಲ್ಕು ದಿನ ಬಿಟ್ಟು ಹೋಯ್ತೀನಿ, ಮನೇ ಕೊತ್ತಿ ತಾನೆ" ಅಂದರು ಅಪ್ಪ. ಆಳಿನ ಮೇಲುಸ್ತುವಾರಿ ನಾವು ನೋಡಿಕೊಳ್ಳುತ್ತೇವೆ ನೀನು ಹೊರಡು ಅಂದೆವು. ಮೊದಲು ಹೋದ ಕಡೆ ಲಸಿಕೆ ಮುಗಿದಿದೆ, ನಾಳಿದ್ದು ಬನ್ನಿ ಎಂದರಂತೆ. ಅಲ್ಲಿಂದಲೇ ಫೋನು ಮಾಡಿದರು. ಹಿಂದಕ್ಕೆ ಬರಬೇಡ, ಮುಂದಿನ ಆಸ್ಪತ್ರೆಗೆ ಹೋಗು ಎಂದು ಹೇಳಿ ಕಳಿಸಿದೆವು. ರಾತ್ರಿ ಎಂಟೂವರೆಗೆ ಮಗುವಿಗೆ ಮೊದಲ ಲಸಿಕೆ, ಗಾಯದ ಸುತ್ತಲಿನ ಔಷಧಿ ಎರಡೂ ಆಯಿತು. ಐದನೆಯ ದಿನ ಬೆಳಿಗ್ಗೆ ಆ ಕೊತ್ತಿ ಹುಲ್ಲಿನ ಮೆದೆಯ ಸಂದಿಯಲ್ಲಿ ಸತ್ತು ಬಿದ್ದಿತ್ತು. ಅದಕ್ಕೆ ಏನಾಗಿತ್ತು ಎಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಮನೆಯವರು ತೆಂಗಿನ ಬುಡದಲ್ಲಿ ಹೂತುಬಿಟ್ಟಿದ್ದರು. ಹಾವು ಕಚ್ಚಿತ್ತೋ, ವಿಷ ತಿಂದ ಇಲಿ ತಿಂದಿತ್ತೋ, ಅದೇ ರೋಗವೋ. ಹುಡುಗನಿಗೆ ನಾಲ್ಕೂ ಲಸಿಕೆ ಪೂರ್ತಿ ಆಯಿತು. ಈಗ ಐದನೇ ಕ್ಲಾಸು, ಕಬಡ್ಡಿ ಆಡುತ್ತಾನೆ.

ಕಚ್ಚಿದ ನಾಯಿ ಅಥವಾ ಬೆಕ್ಕನ್ನು ಹತ್ತು ದಿನ ಗಮನಿಸಬೇಕು ಎನ್ನುವ ಮಾತು ಎಲ್ಲರ ಬಾಯಲ್ಲೂ ಇದೆ. ಅದು ಸರಿಯೇ. ಆದರೆ ಹತ್ತು ದಿನ ಕಾದು ನೋಡಿ ಆಮೇಲೆ ಲಸಿಕೆ ಹಾಕಿಸುವುದು ಎಂದು ಅದರ ಅರ್ಥವಲ್ಲ. ಲಸಿಕೆ ಅವತ್ತೇ ಶುರು. ಹತ್ತು ದಿನ ಪ್ರಾಣಿ ಆರೋಗ್ಯವಾಗಿ ಉಳಿದರೆ ಮುಂದಿನದು ಬೇಕೇ ಬೇಡವೇ ಡಾಕ್ಟರು ಹೇಳುತ್ತಾರೆ. ಪ್ರಾಣಿ ಸತ್ತರೆ ಬರಿಗೈಲಿ ಮುಟ್ಟಬಾರದು, ತಕ್ಷಣ ಹೂಳಬಾರದು, ಪಶು ಆಸ್ಪತ್ರೆಗೆ ತಿಳಿಸಬೇಕು. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಪ್ರಾಣಿಗಳ ರೇಬಿಸ್ ಪರೀಕ್ಷೆಗೆಂದೇ ಪ್ರಯೋಗಾಲಯವಿದೆ. ಮನುಷ್ಯರ ವಿಷಯಕ್ಕೆ ನಿಮ್ಹಾನ್ಸ್ ಇದೆ. 2022ರಲ್ಲಿ ಕರ್ನಾಟಕ ಸರ್ಕಾರ ಮನುಷ್ಯರ ರೇಬಿಸ್ಸನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗ ಎಂದು ಘೋಷಿಸಿತು. ಸರ್ಕಾರವೇ ಇಷ್ಟು ಗಂಭೀರವಾಗಿ ತೆಗೆದುಕೊಂಡಿರುವಾಗ ನಾವು ಸುಣ್ಣದ ಡಬ್ಬಿ ಹುಡುಕುತ್ತಿದ್ದರೆ ಹೇಗೆ?

ಇನ್ನು ಎರಡನೆಯದು, ಬಸುರಿ ಹೆಂಗಸರ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ತಾಯಂದಿರು ದಯವಿಟ್ಟು ಗಮನವಿಟ್ಟು ಕೇಳಬೇಕು, ಅವರಿಗಿಂತ ಹೆಚ್ಚಾಗಿ ಅವರ ಗಂಡಂದಿರು ಕೇಳಬೇಕು.

ಈ ಕಾಯಿಲೆಯ ಹೆಸರು ಟಾಕ್ಸೋಪ್ಲಾಸ್ಮೋಸಿಸ್. ಹೆಸರು ಬಾಯಿಗೆ ಬರದಿದ್ದರೂ ಚಿಂತೆಯಿಲ್ಲ, ಟಾಕ್ಸೋ ಅಂದರೆ ಸಾಕು. ಕಣ್ಣಿಗೆ ಕಾಣದ ಒಂದು ಜೀವಿ. 1908ರಲ್ಲೇ ಇದನ್ನು ಗುರುತಿಸಿದ್ದರು, ಆದರೆ ಬೆಕ್ಕಿನ ಮಲದ ಮೂಲಕ ಹೊರಗೆ ಬರುತ್ತದೆ ಎಂದು ಖಚಿತವಾದದ್ದು 1970ರ ಸುಮಾರಿಗೆ. ಅದನ್ನು ತೋರಿಸಿಕೊಟ್ಟವರಲ್ಲಿ ಒಬ್ಬರು ನಮ್ಮ ದೇಶದಲ್ಲೇ ಪಶುವೈದ್ಯ ಓದಿ ಅಮೆರಿಕಕ್ಕೆ ಹೋದ ಡಾ. ಜೆ. ಪಿ. ದುಬೆ ಎಂಬುವರು. ಬೆಕ್ಕು ಇಲಿಯನ್ನೋ ಹಕ್ಕಿಯನ್ನೋ ತಿಂದಾಗ ಅದರ ಮಾಂಸದಲ್ಲಿರುವ ಈ ಜೀವಿ ಬೆಕ್ಕಿನ ಕರುಳು ಸೇರಿ, ಮಲದಲ್ಲಿ ಲಕ್ಷಗಟ್ಟಲೆ ಮೊಟ್ಟೆಯಂಥ ಕಣಗಳಾಗಿ ಹೊರಬೀಳುತ್ತದೆ. ಒಂದು ಸೋಜಿಗ ಕೇಳಿ. ಈ ಸೋಂಕು ತಗುಲಿದ ಇಲಿಗೆ ಬೆಕ್ಕಿನ ವಾಸನೆಯ ಭಯವೇ ಹೋಗಿಬಿಡುತ್ತದಂತೆ. ಬೆಕ್ಕಿನ ಬಾಯಿಗೆ ತಾನಾಗಿಯೇ ಹೋಗಿ ಬೀಳುತ್ತದೆ. ಇಂಗ್ಲೆಂಡಿನ ಆಕ್ಸ್‌ಫರ್ಡಿನ ವಿಜ್ಞಾನಿಗಳು 2000ನೇ ಇಸವಿಯಲ್ಲಿ ಇದನ್ನು ಪ್ರಯೋಗ ಮಾಡಿ ತೋರಿಸಿದರು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು ಇಲಿಗಳು ಸಭೆ ಸೇರಿದ ಕತೆ ನಾವು ಕೇಳಿದ್ದೇವೆ, ಇಲ್ಲಿ ಇಲಿಯೇ ಊಟದ ಎಲೆಗೆ ಬಂದು ಕೂರುತ್ತದೆ.

ಈಗ ಮುಖ್ಯವಾದ ಮಾತು. ಬೆಕ್ಕು ಈ ಕಣಗಳನ್ನು ಜೀವಮಾನವೆಲ್ಲ ಹೊರಹಾಕುತ್ತಿರುವುದಿಲ್ಲ. ಸಾಮಾನ್ಯವಾಗಿ ಮೊದಲ ಸಲ ಸೋಂಕು ತಗುಲಿದಾಗ ಒಂದರಿಂದ ಮೂರು ವಾರ, ಅಷ್ಟೆ. ಹೆಚ್ಚಾಗಿ ಅದು ಬೇಟೆ ಕಲಿಯುವ ಮರಿಯ ವಯಸ್ಸಿನಲ್ಲಿ ಆಗಿಹೋಗಿರುತ್ತದೆ. ಹೊರಬಿದ್ದ ಕಣವೂ ಅವತ್ತೇ ಸೋಂಕು ತರುವುದಿಲ್ಲ, ಬಲಿಯಲು ಒಂದರಿಂದ ಐದು ದಿನ ಬೇಕು. ಬಲಿತ ಮೇಲೆ ಒದ್ದೆ ಮಣ್ಣಿನಲ್ಲಿ ತಿಂಗಳುಗಟ್ಟಲೆ, ವರ್ಷದವರೆಗೂ ಉಳಿಯುತ್ತದೆ. ಫಿನಾಯಿಲ್ಲಿಗೆ ಜಗ್ಗುವುದಿಲ್ಲ, ಕುದಿಯುವ ನೀರಿಗೆ ಸಾಯುತ್ತದೆ. ಆದ್ದರಿಂದ ಬೆಕ್ಕನ್ನು ಮುಟ್ಟಿದರೆ, ಪಕ್ಕದಲ್ಲಿ ಮಲಗಿಸಿಕೊಂಡರೆ ಈ ರೋಗ ಬರುವುದು ಇಲ್ಲವೆನ್ನುವಷ್ಟು ಕಡಿಮೆ. ಬರುವುದು ಮಣ್ಣಿನಿಂದ, ಸರಿಯಾಗಿ ತೊಳೆಯದ ಹಸಿ ತರಕಾರಿಯಿಂದ, ಕಲುಷಿತ ನೀರಿನಿಂದ, ಅರೆಬೆಂದ ಮಾಂಸದಿಂದ. 2004-05ರ ಸುಮಾರಿಗೆ ಕೊಯಮತ್ತೂರಿನಲ್ಲಿ ಸುಮಾರು 250 ಜನಕ್ಕೆ ಈ ಸೋಂಕಿನಿಂದ ಕಣ್ಣಿನ ತೊಂದರೆ ಕಾಣಿಸಿಕೊಂಡಿತು. ಊರಿಗೆ ಬರುವ ನೀರಿನಿಂದಲೇ ಹರಡಿರಬೇಕು ಎಂದು ವೈದ್ಯರು ಅನುಮಾನಿಸಿದರು. ಅಂದರೆ ಬೆಕ್ಕು ಸಾಕದ ಮನೆಗೂ ಬಂತು. ಬೆಕ್ಕನ್ನು ಹೊಳೆಯಾಚೆ ಬಿಟ್ಟು ಬಂದವರಿಗೆ ಈ ಮಾತು ಕೇಳಿಸಲಿ ಎಂದೇ ಹೇಳುತ್ತಿದ್ದೇವೆ.

ಸೋಂಕು ತಗುಲಿದ ಬಹುಪಾಲು ಜನರಿಗೆ ಏನೂ ಆಗುವುದಿಲ್ಲ. ಸಣ್ಣ ಜ್ವರ ಬಂದು ಹೋಗುತ್ತದೆ, ಅದೂ ಗೊತ್ತಾಗುವುದಿಲ್ಲ. ಕಷ್ಟ ಬರುವುದು ಬಸುರಿಯಾಗಿದ್ದಾಗ ಮೊಟ್ಟಮೊದಲ ಬಾರಿಗೆ ಸೋಂಕು ತಗುಲಿದರೆ. ಆಗ ಗರ್ಭ ಇಳಿಯಬಹುದು, ಹುಟ್ಟುವ ಮಗುವಿನ ಕಣ್ಣಿಗೆ, ಮಿದುಳಿಗೆ ತೊಂದರೆ ಆಗಬಹುದು. ಮದುವೆಗೆ ಮುಂಚೆಯೇ ಎಂದೋ ಸೋಂಕು ಬಂದು ಹೋಗಿದ್ದರೆ ಸಾಮಾನ್ಯವಾಗಿ ಮಗುವಿಗೆ ಅಪಾಯವಿಲ್ಲ, ದೇಹದಲ್ಲಿ ಆಗಲೇ ರಕ್ಷಣೆ ಬಂದಿರುತ್ತದೆ. ಏಡ್ಸ್ ಇರುವವರು, ಕ್ಯಾನ್ಸರಿಗೆ ಔಷಧಿ ತೆಗೆದುಕೊಳ್ಳುವವರು, ಕಿಡ್ನಿ ಹಾಕಿಸಿಕೊಂಡವರು ಮಾತ್ರ ಬೇರೆ, ಅವರಿಗೆ ಹಳೆಯ ಸೋಂಕೂ ಮತ್ತೆ ಎದ್ದು ಬರಬಹುದು.

ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತೇವೆ ಅಂದರೆ, ನಮ್ಮ ಸಂಘದ ಸದಸ್ಯರ ಮನೆಯೊಂದರಲ್ಲಿ ನಡೆದದ್ದು ಕಣ್ಣ ಮುಂದೆ ಇದೆ. ಹೇಳಲು ಆ ಮನೆಯವರ ಒಪ್ಪಿಗೆ ಪಡೆದಿದ್ದೇವೆ. ಸೊಸೆ ತವರಿನಿಂದ ಒಂದು ಕೊತ್ತಿಮರಿ ತಂದಿದ್ದಳು. ಮೊದಲ ಬಸುರು ಮೂರು ತಿಂಗಳಿಗೆ ಹೋಯಿತು. ಪಟ್ಟಣದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡಿಸಿದರು, ಟಾರ್ಚ್ ಟೆಸ್ಟ್ ಅಂತ. ಚೀಟಿಯಲ್ಲಿ ಟಾಕ್ಸೋ, ಐಜಿಜಿ ಪಾಸಿಟಿವ್ ಎಂದು ಬಂತು. ಆ ಚೀಟಿ ಹಿಡಿದು ಮನೆಯಲ್ಲಿ ಆಡಿದ ಮಾತು ಒಂದೆರಡಲ್ಲ. ತವರಿನಿಂದ ರೋಗ ತಂದವಳು ಎಂದರು. ಬಂಧು ಬಳಗದಲ್ಲಿ ಬೇರೆ ಹೆಣ್ಣು ನೋಡುವ ಮಾತೂ ಬಂತು. ಕೊತ್ತಿಯನ್ನಂತೂ ಅವತ್ತೇ ಎಲ್ಲೋ ಬಿಟ್ಟರು. ಆ ಹೆಣ್ಣುಮಗಳು ಹಾಲು ಹಾಕಲು ಬಂದರೆ ತಲೆ ಎತ್ತುತ್ತಿರಲಿಲ್ಲ.

ಕೊನೆಗೆ ಆರೋಗ್ಯ ಕೇಂದ್ರದ ಲೇಡಿ ಡಾಕ್ಟರು ಆ ಅತ್ತೆ ಮಾವ ಇಬ್ಬರನ್ನೂ ಕರೆಸಿ ಕೂರಿಸಿಕೊಂಡು ಹೇಳಿದರು. ಐಜಿಜಿ ಎಂದರೆ ಯಾವತ್ತೋ ಒಂದು ದಿನ ಸೋಂಕು ಬಂದು ಹೋಗಿದೆ ಎನ್ನುವ ಗುರುತು, ಗದ್ದೆಯಲ್ಲಿ ನೀರು ಇಳಿದ ಮೇಲೆ ಉಳಿಯುವ ಕೆಸರಿನ ಗೆರೆ ಇದ್ದ ಹಾಗೆ. ಅದು ಈಗ ಪ್ರವಾಹ ಇದೆ ಎಂದು ಹೇಳುವುದಿಲ್ಲ. ಈಗಿನ ಸೋಂಕೋ ಅಲ್ಲವೋ ತಿಳಿಯಲು ಬೇರೆ ಪರೀಕ್ಷೆಗಳಿವೆ, ಅವನ್ನು ಮಾಡಿಸಿ ನೋಡಿದಾಗ ಹಳೆಯದೇ ಎಂದು ತಿಳಿಯಿತು. ಆಮೇಲೆ ಡಾಕ್ಟರು ಅತ್ತೆಯವರ ಕಡೆ ತಿರುಗಿ, ಹೊಲ ಗದ್ದೆ ಕೆಲಸ ಮಾಡಿದ ನಿಮ್ಮ ರಕ್ತ ತೆಗೆದರೂ ಪಾಸಿಟಿವ್ ಬರಬಹುದು ತಾಯಿ, ಮಾಡಿಸೋಣವೇ ಎಂದು ಕೇಳಿದರಂತೆ. ಅತ್ತೆಯವರು ಬೇಡ ಅಂದರು. ಮೊದಲ ಮೂರು ತಿಂಗಳಲ್ಲಿ ಬಸುರು ಇಳಿಯುವುದು ಹೆಚ್ಚಾಗಿ ಭ್ರೂಣದಲ್ಲೇ ಇರುವ ಕೊರತೆಯಿಂದ, ತಾಯಿಯ ತಪ್ಪೂ ಅಲ್ಲ, ಕೊತ್ತಿಯ ತಪ್ಪೂ ಅಲ್ಲ ಎಂದು ತಿಳಿಸಿ ಕಳಿಸಿದರು. ಆ ಹೆಣ್ಣುಮಗಳು ಈಗ ಇಬ್ಬರು ಮಕ್ಕಳ ತಾಯಿ, ಈ ಸಭೆಯಲ್ಲೇ ಕುಳಿತಿದ್ದಾರೆ. ಹೋದ ವರ್ಷ ಅತಿ ಹೆಚ್ಚು ಹಾಲು ಹಾಕಿದವರ ಬಹುಮಾನ ಪಡೆದವರಲ್ಲಿ ಅವರೂ ಒಬ್ಬರು.

ಹಾಗಂತ ಬಸುರಿಯರು ಎಚ್ಚರ ಬಿಡಬೇಕೆಂದಲ್ಲ. ಬೆಕ್ಕಿನ ಹೇಲು ಬಳಿಯುವ ಕೆಲಸವನ್ನು ಆ ಒಂಬತ್ತು ತಿಂಗಳು ಮನೆಯಲ್ಲಿ ಬೇರೆಯವರು ಮಾಡಲಿ. ಗಂಡ ಮಾಡಲಿ, ಕೈ ಸವೆಯುವುದಿಲ್ಲ. ದಿನಾ ತೆಗೆದರೆ ಕಣ ಬಲಿಯುವ ಮುಂಚೆಯೇ ಹೋಗುತ್ತದೆ. ತಿಪ್ಪೆಗೆ ಎಸೆಯದೆ ಗುಂಡಿ ತೆಗೆದು ಹೂಳಬೇಕು. ಹಿತ್ತಲಲ್ಲಿ ಸೊಪ್ಪು ಕೊಯ್ದು, ಕಳೆ ಕಿತ್ತು ಬಂದವರು ಸೋಪು ಹಾಕಿ ಕೈ ತೊಳೆಯಬೇಕು. ಕೊತ್ತಂಬರಿ, ಸೌತೆಕಾಯಿ, ಮೂಲಂಗಿ ಹಸಿಯಾಗಿ ತಿನ್ನುವುದನ್ನು ಚೆನ್ನಾಗಿ ತೊಳೆಯಬೇಕು. ಮಾಂಸದ ವಿಷಯ ನಮ್ಮ ಕಡೆ ಹೆಚ್ಚು ಹೇಳಬೇಕಾಗಿಲ್ಲ, ನಮ್ಮವರು ಮೂಳೆ ಬಿಡುವ ಹಾಗೆ ಬೇಯಿಸುತ್ತಾರೆ.

ಇನ್ನೊಂದು, ಮನೆ ಕಟ್ಟಲು ತರಿಸಿದ ಮರಳು. ಈಗ ಎಲ್ಲರ ಮನೆ ಮುಂದೆಯೂ ಒಂದು ರಾಶಿ ಇದೆ. ಹಗಲು ಮಕ್ಕಳು ಗುಬ್ಬಚ್ಚಿಗೂಡು ಕಟ್ಟುವುದು ಅಲ್ಲೇ, ರಾತ್ರಿ ಊರ ಕೊತ್ತಿಗಳೆಲ್ಲ ಕೆರೆದು ಮುಚ್ಚುವುದೂ ಅಲ್ಲೇ. ಒಂದು ಟಾರ್ಪಾಲು ಹೊದಿಸಿದರೆ ಮುಗಿಯಿತು. ಇದು ಟಾಕ್ಸೋ ಒಂದಕ್ಕೇ ಅಲ್ಲ. ಬೆಕ್ಕಿನ ಹೊಟ್ಟೆಯ ಕೊಕ್ಕೆಹುಳುವಿನ ಮರಿ ಅದೇ ಮರಳಿನಿಂದ ಮಕ್ಕಳ ಅಂಗಾಲಿನ ಚರ್ಮದೊಳಕ್ಕೆ ನುಗ್ಗಿ ಹಾವು ಹರಿದ ಹಾಗೆ ಕೆಂಪು ಗೆರೆ ಎಳೆದುಕೊಂಡು ಓಡಾಡುತ್ತದೆ, ರಾತ್ರಿಯೆಲ್ಲ ತುರಿಕೆ. ಸರ್ಪಸುತ್ತು ಎಂದು ಕೆಮ್ಮಣ್ಣು ಹಚ್ಚಿಸಿಕೊಂಡು ಬಂದವರೂ ಇದ್ದಾರೆ. ಅದು ಸರ್ಪಸುತ್ತಲ್ಲ, ಮಾತ್ರೆಗೆ ಹೋಗುತ್ತದೆ. ದುಂಡುಹುಳುವಿನ ಮೊಟ್ಟೆ ಮಣ್ಣು ತಿನ್ನುವ ಮಕ್ಕಳ ಹೊಟ್ಟೆ ಸೇರಿದರೆ ಕೆಲವೊಮ್ಮೆ ಅದರ ಮರಿ ಕಣ್ಣಿನವರೆಗೂ ಹೋಗುತ್ತದೆ. ಬೆಕ್ಕಿಗೆ ಹುಳುವಿನ ಔಷಧಿ ಕೊಡಿಸುವುದು ಇದಕ್ಕಾಗಿ.

ಕುರಿ ಮೇಕೆ ಸಾಕಿರುವವರಿಗೆ ಒಂದು ಮಾತು. ಇದೇ ಟಾಕ್ಸೋ ಕುರಿ ಮೇಕೆಗಳಲ್ಲಿ ಕಂದು ಹಾಕಿಸುತ್ತದೆ. ಬೆಕ್ಕು ಮರಿ ಹಾಕುವುದು ಹುಲ್ಲಿನ ಅಟ್ಟದಲ್ಲಿ, ಹೊರಗೆ ಹೋಗುವುದೂ ಅಲ್ಲೇ, ಆ ಹುಲ್ಲನ್ನೇ ಗಬ್ಬದ ಕುರಿಗೆ ಹಾಕುತ್ತೇವೆ. ಬೂಸಾ, ಹಿಂಡಿ ಮುಚ್ಚಿಡಬೇಕು. ಕಂದು ಹಾಕಿದ ಕುರಿಯ ಸತ್ತೆಯನ್ನು, ಕಸವನ್ನು ಬಸುರಿ ಹೆಂಗಸರು ಮುಟ್ಟಲೇಬಾರದು, ಬೇರೆ ರೋಗಗಳೂ ಅದರಲ್ಲಿರುತ್ತವೆ. ಹಸುಗಳಿಗೆ ಮಾತ್ರ ಟಾಕ್ಸೋದಿಂದ ಅಂಥ ತೊಂದರೆಯಿಲ್ಲ. ಹಸು ಕಂದು ಹಾಕಿದರೆ ಕೊತ್ತಿಯನ್ನು ಬೈಯುವುದು ಬಿಟ್ಟು ಬ್ರೂಸೆಲ್ಲಾ ಪರೀಕ್ಷೆ ಮಾಡಿಸಿ.

ಚಿಕ್ಕಪುಟ್ಟವನ್ನು ಬೇಗ ಹೇಳಿಬಿಡುತ್ತೇವೆ. ಕೊತ್ತಿಮರಿಯ ಕಿವಿ, ಮೂತಿಯ ಮೇಲೆ ಕೂದಲು ಉದುರಿ ಹೊಟ್ಟು ಹೊಟ್ಟಾಗಿದ್ದರೆ ಅದು ಹುಳುಕಡ್ಡಿ. ಎತ್ತಿಕೊಂಡ ಮಗುವಿನ ಕೆನ್ನೆಗೆ, ತೋಳಿಗೆ, ತಲೆಗೆ ಬಿಲ್ಲೆಯಾಕಾರದಲ್ಲಿ ಏಳುತ್ತದೆ. ಮೆಡಿಕಲ್ ಸ್ಟೋರಿನಲ್ಲಿ ಯಾವುದೋ ಟ್ಯೂಬು ಕೇಳಿ ತರಬೇಡಿ. ಸ್ಟೆರಾಯ್ಡ್ ಸೇರಿಸಿದ ಮುಲಾಮು ಹಚ್ಚಿದರೆ ಎರಡು ದಿನ ತುರಿಕೆ ನಿಲ್ಲುತ್ತದೆ, ಆಮೇಲೆ ಹತ್ತು ಪಟ್ಟು ಹರಡುತ್ತದೆ.

ಪರಚಿದ ಒಂದೆರಡು ವಾರಕ್ಕೆ ಕಂಕುಳಲ್ಲೋ ಕತ್ತಿನಲ್ಲೋ ಗಡ್ಡೆ ಕಟ್ಟಿ ಜ್ವರ ಬರುವುದು ಇನ್ನೊಂದು. ಇದಕ್ಕೆ ಬೆಕ್ಕು ಪರಚಿದ ಜ್ವರ ಎಂದೇ ಹೆಸರು. ಫ್ರಾನ್ಸಿನ ವೈದ್ಯರು 1950ರಲ್ಲಿ ಇದನ್ನು ವಿವರಿಸಿದರು. ಬಾರ್ಟೊನೆಲ್ಲಾ ಎಂಬ ರೋಗಾಣು, ಚಿಗಟದಿಂದ ಬೆಕ್ಕಿಗೆ, ಬೆಕ್ಕಿನ ಉಗುರಿನಿಂದ ನಮಗೆ. ಹೆಚ್ಚಿನವರಲ್ಲಿ ತಾನಾಗಿಯೇ ವಾಸಿಯಾಗುತ್ತದೆ. ಆದರೆ ಡಾಕ್ಟರಿಗೆ ತೋರಿಸುವಾಗ ಮನೆಯಲ್ಲಿ ಕೊತ್ತಿಮರಿ ಇದೆ, ಪರಚಿತ್ತು ಎಂದು ಹೇಳಿ. ಹೇಳದಿದ್ದರೆ ಗಡ್ಡೆಯನ್ನು ನೋಡಿ ಕ್ಷಯವೋ ಏನೋ ಎಂದು ಬೇರೆ ಬೇರೆ ಪರೀಕ್ಷೆಗೆ ಅಲೆದಾಡಬೇಕಾಗುತ್ತದೆ. ಬೆಕ್ಕಿನ ಹಲ್ಲು ಸೂಜಿಯಂತೆ, ಮೇಲೆ ಸಣ್ಣ ತೂತು, ಒಳಗೆ ಆಳ. ಕಚ್ಚಿದ ಕೈ ಮಾರನೆಯ ದಿನಕ್ಕೇ ಊದಿ ಕೆಂಪಾದರೆ ರೇಬಿಸ್ ಲಸಿಕೆ ಆಗಿದೆ ಎಂದು ಸುಮ್ಮನಿರದೆ ಮತ್ತೆ ತೋರಿಸಬೇಕು. ಧನುರ್ವಾಯುವಿನ ಚುಚ್ಚುಮದ್ದೂ ಬೇಕಾಗಬಹುದು.

ಚಿಗಟ ಅಂದ ಕೂಡಲೇ ನೆನಪಾಯಿತು. ಹಸುವಿನ ಉಣ್ಣೆಗೆ ಹೊಡೆಯುವ ಔಷಧಿ ಮಿಕ್ಕಿದೆ ಎಂದು ಕೊತ್ತಿಗೂ ಸವರಬೇಡಿ. ಆ ಜಾತಿಯ ಔಷಧಿಗಳು ಬೆಕ್ಕಿಗೆ ವಿಷ, ನಡುಗಿ ನಡುಗಿ ಸಾಯುತ್ತದೆ. ಜ್ವರದ ಮಾತ್ರೆ ಪ್ಯಾರಸಿಟಮಾಲ್ ಕೂಡ ಹಾಗೆಯೇ, ನಮಗೆ ಔಷಧಿ ಅದಕ್ಕೆ ವಿಷ.

ಇನ್ನು ನಮ್ಮ ಡೈರಿಯ ಬೆಕ್ಕಿನ ವಿಷಯಕ್ಕೆ ಬರೋಣ. ಸಂಘದ ಕಟ್ಟಡದಲ್ಲಿ ಒಂದು ಕಪ್ಪು ಬಿಳಿ ಕೊತ್ತಿ ಇದೆ, ಎಲ್ಲರಿಗೂ ಗೊತ್ತು. ಅದನ್ನು ಓಡಿಸಬೇಕು ಎಂದು ಇಬ್ಬರು ನಿರ್ದೇಶಕರು, ಇರಲಿ ಎಂದು ನಾವು ಮೂವರು, ಆಡಳಿತ ಮಂಡಳಿಯಲ್ಲಿ ಮುಕ್ಕಾಲು ಗಂಟೆ ಚರ್ಚೆಯಾಯಿತು. ಹಾಲಿನ ದರದ ಬಗ್ಗೆಯೂ ಅಷ್ಟು ಹೊತ್ತು ಚರ್ಚೆಯಾಗಿಲ್ಲ. ಇಲಿ ಬಂದರೆ ಪಶು ಆಹಾರದ ಮೂಟೆ ತೂತು ಬೀಳುತ್ತದೆ, ಅದು ಉಚ್ಚೆ ಹೊಯ್ದ ಕಡೆ ಇಲಿಜ್ವರದ ಭಯ. ಕೊತ್ತಿ ಇಲಿಗಳನ್ನು ಪೂರಾ ನಿರ್ಮೂಲ ಮಾಡುತ್ತದೆ ಎಂದು ನಾವು ವಾದಿಸುವುದಿಲ್ಲ, ಆದರೆ ಇದ್ದರೆ ಇಲಿಗೆ ಸ್ವಲ್ಪ ಅಂಜಿಕೆ ಇರುತ್ತದೆ. ಕೊನೆಗೆ ಗೋದಾಮಿನಲ್ಲಿ ಇರಲಿ, ಹಾಲು ಅಳೆಯುವ ಕೋಣೆಗೆ ಬರಕೂಡದು ಎಂದು ತೀರ್ಮಾನವಾಗಿ ಬಾಗಿಲಿಗೆ ಜಾಲರಿ ಹಾಕಿಸಿದೆವು. ಜೊತೆಗೆ ಕ್ಯಾನಿನ ತಳದ ಹಸಿ ಹಾಲನ್ನು ಅದಕ್ಕೆ ಬಗ್ಗಿಸುವುದನ್ನೂ ನಿಲ್ಲಿಸಿದ್ದೇವೆ.

ಹಾಲು ನಿಲ್ಲಿಸಿದ್ದಕ್ಕೆ ಕೆಲವರು ಬೇಜಾರು ಮಾಡಿಕೊಂಡರು. ಕಾರಣ ಹೇಳುತ್ತೇವೆ. 2024ರಲ್ಲಿ ಅಮೆರಿಕದ ಟೆಕ್ಸಾಸ್ ಕಡೆಯ ಡೈರಿ ಫಾರಂಗಳಲ್ಲಿ ಹಸುಗಳಿಗೆ ಹಕ್ಕಿಜ್ವರ ತಗುಲಿತು. ಆ ಹಸುಗಳ ಹಸಿ ಹಾಲು ಕುಡಿದ ಫಾರಂ ಬೆಕ್ಕುಗಳು ಕಣ್ಣು ಕಾಣದೆ, ಸುತ್ತು ಹೊಡೆದು ಸತ್ತವು. 2025ರ ಜನವರಿಯಲ್ಲಿ ನಮ್ಮ ದೇಶದ ಮಧ್ಯಪ್ರದೇಶದ ಛಿಂದ್ವಾಡಾದಲ್ಲೂ ಸಾಕುಬೆಕ್ಕುಗಳಲ್ಲಿ ಹಕ್ಕಿಜ್ವರ ಸಿಕ್ಕಿತು. ಬೆಕ್ಕಿನಿಂದ ಮನುಷ್ಯರಿಗೆ ಇದು ಹರಡುವುದು ಅಪರೂಪ, ಹೆದರಿಸಲು ಹೇಳುತ್ತಿಲ್ಲ. ಆದರೆ ಕೋಳಿಗಳು ಸಾಲಾಗಿ ಸತ್ತ ಕಡೆ ಸತ್ತ ಕೋಳಿಯನ್ನು ಬೆಕ್ಕಿಗೆ ಎಸೆಯಬಾರದು, ಹಾಲು ಕೊಡುವುದಾದರೆ ಕಾಯಿಸಿ ಆರಿಸಿ ಕೊಡಬೇಕು. ಬಿಸಿ ಹಾಲು ಕೊಟ್ಟು ತೆನಾಲಿ ರಾಮಕೃಷ್ಣನ ಬೆಕ್ಕು ಮಾಡಿಬಿಟ್ಟೀರಿ! ಮನೆಮಂದಿಗೂ ಅಷ್ಟೇ, ಹಸಿ ಹಾಲು ಬೇಡ.

ಬೆಕ್ಕಿನ ಕೂದಲು ಹೊಟ್ಟೆಗೆ ಹೋದರೆ ಕ್ಷಯ ಬರುತ್ತದೆ ಎಂದು ನಮ್ಮಲ್ಲಿ ಹೇಳುವುದುಂಟು. ಕೂದಲಿನಿಂದ ಕ್ಷಯ ಬರುವುದಿಲ್ಲ, ಕ್ಷಯ ಹರಡುವುದು ಕೆಮ್ಮಿನಿಂದ. ಆದರೆ ಕೆಲವರಿಗೆ ಬೆಕ್ಕಿನ ಜೊಲ್ಲು, ಮೈಹೊಟ್ಟು ಒಗ್ಗುವುದಿಲ್ಲ, ಸೀನು, ಉಬ್ಬಸ ಹೆಚ್ಚಾಗುತ್ತದೆ. ಉಬ್ಬಸದವರ ಕೋಣೆಯಲ್ಲಿ ಬೆಕ್ಕು ಮಲಗಿಸಬೇಡಿ.

ಕೊನೆಯದಾಗಿ ಕೆಲಸದ ಮಾತು. ಬರುವ ಸೋಮವಾರ ಬೆಳಿಗ್ಗೆ ಹಾಲು ಹಾಕುವುದು ಮುಗಿದ ಮೇಲೆ, ಒಂಬತ್ತು ಗಂಟೆಗೆ, ಇದೇ ಡೈರಿ ಮುಂದೆ ಪಶುವೈದ್ಯರು ನಾಯಿ ಬೆಕ್ಕುಗಳಿಗೆ ರೇಬಿಸ್ ಲಸಿಕೆ ಹಾಕುತ್ತಾರೆ. ಮೂರು ತಿಂಗಳು ತುಂಬಿದ ಮರಿಯಿಂದ ಹಿಡಿದು ಎಲ್ಲಕ್ಕೂ ಹಾಕಬಹುದು, ವರ್ಷಕ್ಕೊಂದು ಸಲ ಹಾಕ್ತಾ ಇರಬೇಕು. ಹುಳುವಿನ ಔಷಧಿಯೂ ಇರುತ್ತದೆ. ಸಂಘದ ಸದಸ್ಯರಲ್ಲದವರೂ ತರಬಹುದು, ಖರ್ಚು ಸಂಘದ್ದು. ಕೊತ್ತಿಯನ್ನು ಕಂಕುಳಲ್ಲಿ ಅವುಚಿಕೊಂಡು ಬರಬೇಡಿ, ಅಷ್ಟೊಂದು ನಾಯಿ ಕಂಡರೆ ಹೆದರಿ ಹಿಡಿದವರನ್ನೇ ಪರಚುತ್ತದೆ. ಕೋಳಿ ಮುಚ್ಚುವ ಬುಟ್ಟಿಯಲ್ಲಿ, ಇಲ್ಲವೇ ಗಾಳಿಯಾಡುವ ಚೀಲದಲ್ಲಿ ತನ್ನಿ. ನಾಯಿಗಳಿಗೆ ಅರಳಿಕಟ್ಟೆ ಕಡೆ ಸಾಲು, ಬೆಕ್ಕುಗಳಿಗೆ ಗೋದಾಮಿನ ಕಡೆ ಸಾಲು. ಹೆಸರು ಬರೆಸುವವರು ನಾಳೆ ಸಂಜೆಯೊಳಗೆ ಕಾರ್ಯದರ್ಶಿಯವರ ಹತ್ತಿರ ಬರೆಸಿದರೆ ಎಷ್ಟು ಡೋಸು ತರಿಸಬೇಕೆಂದು ತಿಳಿಯುತ್ತದೆ.